ನಾಯಿಗೆ ನಿಲ್ಲುತ್ತಿದ್ದ ಬಸ್ಸು

ಬೇಲೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಟು ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಹೋಗುವ ಒಂದು ಖಾಸಗಿ ಬಸ್ಸಿತ್ತು. ತೊಂಬತ್ತರ ದಶಕದ ಮಾತು. ಮನುಷ್ಯರು ಕೈ ಅಡ್ಡ ಹಾಕಿದರೆ ಆ ಬಸ್ಸು ಒಮ್ಮೊಮ್ಮೆ ನಿಲ್ಲುತ್ತಿತ್ತು, ಒಮ್ಮೊಮ್ಮೆ ಇಲ್ಲ. ನಾಯಿಗಳಿಗೆ ಮಾತ್ರ ತಪ್ಪದೆ ನಿಲ್ಲುತ್ತಿತ್ತು.

ಅದರ ಡ್ರೈವರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, “ನನ್ ಹೆಸ್ರು ಯಾಕ್ ಬರುದ್ರಿ ಮೇಷ್ಟ್ರೇ, ನಾಯಿ ಬಿಟ್ಟೋರ ಹೆಸ್ರು ಬರೀಬೇಕಿತ್ತು” ಎಂದು ಅಲ್ಲಿಂದಲೇ ಹಾರನ್ ಒತ್ತಿಯಾರು. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಆಗುವುದರಿಂದ ಅದನ್ನೂ ಬರೆಯುವುದಿಲ್ಲ.

ಕುಳ್ಳಗಿನ ಆಳು. ಸ್ಟೇರಿಂಗ್ ಮೇಲಿನಿಂದ ರಸ್ತೆ ಕಾಣಲೆಂದು ಸೀಟಿನ ಮೇಲೆ ಎರಡು ಗೋಣಿಚೀಲ ಮಡಿಸಿ ಹಾಕಿಕೊಳ್ಳುತ್ತಿದ್ದರು. ಚಪ್ಪಲಿಯನ್ನು ಸೀಟಿನ ಕೆಳಗೆ ತಳ್ಳಿ ಬರಿಗಾಲಲ್ಲೇ ಓಡಿಸುವರು. ಬ್ರೇಕಿನ ಹದ ಅಂಗಾಲಿಗೆ ತಿಳಿಯಬೇಕಂತೆ. ಬೀಡಿಯಿಲ್ಲ, ಎಲೆಅಡಿಕೆಯಿಲ್ಲ, ಬಸ್ಸಿನಲ್ಲಿ ಹಾಡೂ ಇಲ್ಲ. ಇದ್ದ ಚಟ ಒಂದೇ, ಬೈಯುವುದು. ಅದನ್ನೂ ಬಹುವಚನದಲ್ಲೇ ಮಾಡುತ್ತಿದ್ದರು. ಏಕವಚನದಲ್ಲಿ ಬೈದರೆ ಜನ ತಿರುಗಿ ಬೈಯುತ್ತಾರೆ, ಬಹುವಚನದಲ್ಲಿ ಬೈದರೆ ಅವರು ಉತ್ತರ ಹುಡುಕುವುದರೊಳಗೆ ಬಸ್ಸು ಎರಡು ಫರ್ಲಾಂಗು ಹೋಗಿರುತ್ತದೆ ಎಂಬುದು ಅವರ ಅನುಭವ.

ಯಾರೋ ಸಾಕಿದ ನಾಯಿ ರಸ್ತೆಯ ನಡುವೆ ಬಿಸಿಲು ಕಾಯಿಸುತ್ತ ಮಲಗಿದ್ದರೆ ಇವರು ಬಸ್ಸು ನಿಲ್ಲಿಸಿ ಎಂಜಿನ್ ಆರಿಸುತ್ತಿದ್ದರು. ಆ ಮನೆಯವರು ಹೊರಗೆ ಬರುವ ತನಕ ಹಾರನ್. ಬಂದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮದುವೆಗೆ ಕರೆಯಲು ಬಂದವರ ವಿನಯದಲ್ಲಿ ಕೇಳುವರು:

“ನಮಸ್ಕಾರ ಸ್ವಾಮಿ. ನಿಮ್ ಚಿಕ್ಕ ಯಜಮಾನ್ರು ರೋಡಲ್ಲಿ ಮಲಗವ್ರೆ. ಎಬ್ಬಿಸ್ಲಾ, ಇಲ್ಲಾ ನೀವೇ ದಿಂಬು ತತ್ತೀರಾ?”

ಬೀದಿನಾಯಿಗಳ ಮೇಲೆ ಅವರಿಗೆ ದೂರು ಇರಲಿಲ್ಲ. “ಅದ್ಕೆ ರೋಡೇ ಮನೆ ಮೇಷ್ಟ್ರೇ. ಆ ಕಡೆ ನೋಡ್ತೈತೆ, ಈ ಕಡೆ ನೋಡ್ತೈತೆ, ಆಮೇಲ್ ದಾಟ್ತೈತೆ. ನಿಮ್ ಹೈಸ್ಕೂಲ್ ಮಕ್ಳಿಗಿಂತ ವಾಸಿ. ಈ ಹಾಲು ಅನ್ನ ಹಾಕಿ ಸಾಕಿದ್ ನಾಯಿಗೇ ರೋಡು ಅಂದ್ರೇನು ಅಂತ ಗೊತ್ತಿಲ್ಲ. ಬಾಗ್ಲು ತೆಗುದ್ರೆ ಸಾಕು, ಅರಸೀಕೆರೆ ತನಕ ಎಲ್ಲಾ ತನ್ನ ಅಂಗಳ ಅನ್ಕತೈತೆ.” ಇದಕ್ಕೊಂದು ಬಾಲ ಇರುತ್ತಿತ್ತು: “ಬ್ರೇಕು ನಂದು, ನಾಯಿ ನಿಮ್ದು. ನನ್ನ ಬ್ರೇಕ್ ನಾನ್ ನೋಡ್ಕತೀನಿ.”

ನಾನು ಆಗ ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿಗೆ ಹಳೇಬೀಡಿನ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಇಬ್ಬರಲ್ಲೊಬ್ಬರು ದಿನಾ ಬಸ್ಸಿನಲ್ಲಿ ಓಡಾಡಲೇಬೇಕಿತ್ತು. ಹೆಂಡತಿ ಬುದ್ಧಿವಂತೆಯಾದ್ದರಿಂದ ಮನೆ ಹಳೇಬೀಡಿನಲ್ಲಾಯಿತು, ನಾನು ಓಡಾಡಿದೆ. ಡ್ರೈವರ ಹಿಂದಿನ ಸೀಟು ನನಗೆ ಖಾಯಂ. ಹಾಗಾಗಿ ಅವರ ಬೈಗುಳಗಳನ್ನೆಲ್ಲ ಮೊದಲು ಕೇಳುವ ಭಾಗ್ಯ ನನ್ನದಾಗಿತ್ತು, ಅವು ಬೇರೆಯವರ ಮೇಲೆ ಇರುವ ತನಕ ಬಹಳ ಸೊಗಸಾಗಿಯೂ ಇದ್ದವು.

ಜಾವಗಲ್ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡಂತೆ ತೆಂಗಿನ ತೋಟದ ಗೌಡರೊಬ್ಬರ ಮನೆ. ಗೌಡರ ಬಳಿ ಒಂದು ಅಲ್ಸೇಷನ್ ನಾಯಿ. ಅದನ್ನವರು ಮಗನಿಗಿಂತ ಹೆಚ್ಚು ಎಂದು ಹೇಳುತ್ತಿದ್ದರು. ಮಗನೂ ಅದನ್ನು ಒಪ್ಪುತ್ತಿದ್ದ. ಅದು ದಿನಾ ನಮ್ಮ ಬಸ್ಸಿಗೆ ಅಡ್ಡ ಬರುತ್ತಿತ್ತು.

“ಗೌಡ್ರೇ, ನಿಮ್ ಮಗನ್ನೂ ಚಿಕ್ಕೋನಿದ್ದಾಗ ಹಿಂಗೇ ರೋಡಿಗ್ ಬಿಟ್ಟಿದ್ರಾ?”

“ಏಯ್, ನಮ್ ನಾಯಿ ಜಾಣ ಕಣಯ್ಯ. ಬಸ್ಸು ಬಂದ್ರೆ ತಾನೇ ಸರ್ಕತೈತೆ.”

“ಹೌದು ಸ್ವಾಮಿ. ಮನೇಲಿ ಒಬ್ರಾದ್ರೂ ಜಾಣ್ರು ಇರ್ಬೇಕಲ್ಲ.”

ಬಸ್ಸಿಡೀ ನಗುತ್ತಿತ್ತು. ಡ್ರೈವರು ನಗುತ್ತಿರಲಿಲ್ಲ. ಯಾಕೆಂದು ಒಂದು ದಿನ ಕಂಡಕ್ಟರು ನನಗೆ ಮೆಲ್ಲನೆ ಹೇಳಿದರು. ನಾನು ಈ ಬಸ್ಸು ಹತ್ತುವುದಕ್ಕೆ ಕೆಲವು ವರ್ಷ ಮುಂಚಿನ ಕಥೆ. ಇದೇ ಗೌಡರ ಹಿಂದಿನ ನಾಯಿ, ಒಂದು ಕರೀನಾಯಿ, ಗೇಟಿನಿಂದ ಬಾಣದ ಹಾಗೆ ಬಂದು ಮುಂದಿನ ಚಕ್ರಕ್ಕೆ ಸಿಕ್ಕುವುದರಲ್ಲಿತ್ತು. ಇವರು ಸ್ಟೇರಿಂಗ್ ತಿರುಗಿಸಿದರು. ನಾಯಿ ಉಳಿಯಿತು. ಬಸ್ಸು ಪಕ್ಕದ ಚರಂಡಿಗೆ ಮಗುಚಿತು. ಮಾಲೇಕಲ್ಲು ತಿರುಪತಿಗೆ ಹರಕೆ ತೀರಿಸಲು ಹೊರಟಿದ್ದ ಒಬ್ಬ ಅಜ್ಜಿಯ ಸೊಂಟ ಮುರಿಯಿತು. ಆ ಅಜ್ಜಿ ಮತ್ತೆ ನಡೆಯಲಿಲ್ಲ.

ಪೊಲೀಸರು ಬಂದು ನಾಯಿ ಯಾರದು ಎಂದು ಕೇಳಿದಾಗ ಗೌಡರು, “ನಮ್ದಲ್ಲ ಸ್ವಾಮಿ, ಬೀದಿನಾಯಿ. ಆಗಾಗ ಬಂದು ಅನ್ನ ತಿನ್ಕಂಡ್ ಹೋಯ್ತೈತೆ” ಎಂದರಂತೆ. ಆ ಬೀದಿನಾಯಿ ಅದೇ ಹೊತ್ತಿಗೆ ಗೌಡರ ಕಾಲ ಬುಡದಲ್ಲಿ ಕುಳಿತು ಬಾಲ ಆಡಿಸುತ್ತಿತ್ತು. ಕೊರಳಲ್ಲಿ ಚರ್ಮದ ಬೆಲ್ಟು, ಬೆಲ್ಟಿಗೆ ಹಿತ್ತಾಳೆ ಗೆಜ್ಜೆ. ಡ್ರೈವರು ಕೇಸು, ಕೋರ್ಟು ಎಂದು ವರ್ಷಗಟ್ಟಲೆ ಅಲೆದರು.

“ಈಗ್ಲೂ ತಿಂಗ್ಳಿಗೊಂದ್ಸಲ ಆ ಅಜ್ಜಿ ಮನೆಗ್ ಹೋಗಿ ಕೂತಿದ್ ಬತ್ತಾರೆ ಸಾರ್. ನೀವು ಕೇಳೋಕ್ ಹೋಗ್ಬೇಡಿ, ನನಗೇ ಬೈತಾರೆ” ಎಂದರು ಕಂಡಕ್ಟರು.

ಇದನ್ನು ಕೇಳಿ ನನಗೆ ಗೌಡರ ಮೇಲೆ ವಿಪರೀತ ಅಸಹ್ಯ ಹುಟ್ಟಿತು. ಕಣ್ಣೆದುರಿನ ನಾಯಿಯನ್ನೇ ತನ್ನದಲ್ಲ ಎನ್ನುವ ಮನುಷ್ಯರೂ ಇರುತ್ತಾರಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎರಡು ದಿನ ಮಾತಾಡಿದೆ. ಮೂರನೇ ತಿಂಗಳು ನಾನೇ ಒಂದು ನಾಯಿ ತಂದೆ.

ಆ ಕಾಲಕ್ಕೆ ಸಂಬಳದವರ ಮನೆಯಲ್ಲಿ ಕಲರ್ ಟೀವಿ ಬಂದ ಮೇಲೆ ಪೊಮೆರೇನಿಯನ್ ನಾಯಿ ಬರುವುದು ಕ್ರಮ. ನಮ್ಮದು ಬೆಳ್ಳಗೆ, ಹತ್ತಿಯ ಉಂಡೆಯ ಹಾಗಿತ್ತು. ರೂಬಿ ಎಂದು ಹೆಸರಿಟ್ಟೆವು. ಮನೆ ರಸ್ತೆಯ ಬದಿಗೇ ಇತ್ತು. ಕಾಂಪೌಂಡ್ ಕಟ್ಟಿಸಿದ್ದೆ, ಗೇಟು ಬಾಕಿಯಿತ್ತು. ಗೇಟಿನ ಜಾಗದಲ್ಲಿ ಎರಡು ಬಿದಿರ ಗಳ ಅಡ್ಡ ಇಟ್ಟಿದ್ದೆವು. ಅವು ಹಸುಗಳನ್ನು ಚೆನ್ನಾಗಿ ತಡೆಯುತ್ತಿದ್ದವು. ರೂಬಿ ಕೆಳಗಿನಿಂದ ನುಸುಳುತ್ತಿತ್ತು.

ಬೆಳಿಗ್ಗೆ ನಾನು ಬಸ್ಸು ಹತ್ತಿದರೆ ಅದು ಬಸ್ಸಿನ ಹಿಂದೆ ಕೆರೆ ಏರಿಯ ತಿರುವಿನ ತನಕ ಓಡಿ ಬರುತ್ತಿತ್ತು. ಜನ ಹಿಂದಿನ ಗಾಜಿನಲ್ಲಿ ನೋಡಿ, “ಮೇಷ್ಟ್ರ ಮೇಲೆ ಏನ್ ಪ್ರೀತಿ ನೋಡ್ರೀ ಅದ್ಕೆ!” ಎನ್ನುವರು. ನಾನು ಪುಸ್ತಕ ತೆರೆದು ಓದುವವನಂತೆ ಕೂರುತ್ತಿದ್ದೆ. ಮನೆಯಲ್ಲಾಗಲಿ ಸ್ಕೂಲಿನಲ್ಲಾಗಲಿ ಅಂಥ ಪ್ರೀತಿಯನ್ನು ಸಾರ್ವಜನಿಕವಾಗಿ ತೋರಿಸುವವರು ನನಗೆ ಬೇರೆ ಯಾರೂ ಇರಲಿಲ್ಲ.

ಡ್ರೈವರು ಮೊದಲ ದಿನ ಮೆತ್ತಗೆ ಕೇಳಿದರು. “ಮೇಷ್ಟ್ರೇ, ನಿಮ್ ರೂಬಿಗೂ ಒಂದ್ ಸೀಟ್ ಹಿಡೀಲಾ? ಪಾಪ, ಓಡ್ಕಂಡ್ ಬತ್ತಾವ್ಳೆ.”

ನಾನು ನಕ್ಕೆ. ಎರಡನೇ ವಾರ ಅವರು ಕೆರೆ ಏರಿಯ ಮೇಲೆ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿಬಿಟ್ಟರು.

“ಇಳೀರಿ ಮೇಷ್ಟ್ರೇ. ನಾಯೀನ ಮನೇಲ್ ಕಟ್ಟಿ ಬನ್ನಿ. ನಾವ್ ಕಾಯ್ತೀವಿ.”

ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಬೆಂಗಳೂರಿನ ಟ್ರೈನು ಹಿಡಿಯುವವರು ಹತ್ತಾರು ಜನ. ಅವರೆಲ್ಲರ ಕಣ್ಣ ಮುಂದೆ ನಾನು ಇಸ್ತ್ರಿ ಮಾಡಿದ ಷರಟಿನಲ್ಲಿ ಕೆಳಗಿಳಿದು, ಬಾಲ ಅಲ್ಲಾಡಿಸುವ ಹತ್ತಿಯ ಉಂಡೆಯನ್ನು ಎತ್ತಿಕೊಂಡು, ಮನೆಗೆ ಹೋಗಿ, ಒಳಗೆ ಕೂಡಿಹಾಕಿ, ಏದುಸಿರು ಬಿಡುತ್ತ ವಾಪಸು ಬಂದೆ. ಒಂದೇ ವಾರದಲ್ಲಿ ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಯಾರೋ ಹಿಂದಿನಿಂದ, “ಏನ್ರೀ ಇದು, ಮೇಷ್ಟ್ರಿಗೇ ಪಾಠನಾ!” ಎಂದರು. ಅದು ಎದೆಗೆ ನಾಟಿತು.

ಹೆಂಡತಿ ಮಾತ್ರ ಡ್ರೈವರ ಪಕ್ಷ. “ಆ ಮನುಷ್ಯ ಸರಿಯಾಗೇ ಹೇಳ್ತಿದಾರೆ. ಒಂದು ಚೈನು ತನ್ನಿ.”

“ಚೈನಲ್ಲಿ ಕಟ್ಟಿದರೆ ಅದರ ಸ್ವಾತಂತ್ರ್ಯದ ಗತಿ ಏನೇ?”

“ಹಾಗಾದ್ರೆ ಆ ಸ್ವಾತಂತ್ರ್ಯಕ್ಕೆ ಒಂದು ಗೇಟಾದ್ರೂ ಮಾಡ್ಸಿ.”

ಗೇಟು ಮಾಡಿಸುವುದಕ್ಕಿಂತ ಸುಲಭವಾದ ಕೆಲಸವೊಂದು ನನಗೆ ಕಂಡಿತು. ಬಸ್ಸಿನ ಮಾಲೀಕರಿಗೆ ಒಂದು ದೂರಿನ ಪತ್ರ ಬರೆದೆ. ‘ಸದರಿ ಚಾಲಕರು ಶ್ವಾನಗಳ ನೆಪದಲ್ಲಿ ಪ್ರಯಾಣಿಕರ ಅಮೂಲ್ಯ ಕಾಲವನ್ನು ಅಪವ್ಯಯಗೊಳಿಸುತ್ತ, ಗಣ್ಯರ ಘನತೆಗೆ ಕುಂದು ತರುತ್ತಿರುವುದು ಅತ್ಯಂತ ಖೇದಕರ’ ಎಂದು ಶುರುವಾಗಿ ಎರಡು ಪುಟ ತುಂಬಿತು. ಬರೆದು ಮುಗಿಸಿದ ಮೇಲೆ ನನಗೇ ಎರಡು ಸಲ ಓದಿಕೊಳ್ಳುವ ಆಸೆಯಾಯಿತು. ಮೊದಲ ಸಹಿ ನನ್ನದು. ಎರಡನೆಯದು ಜಾವಗಲ್ಲಿನಾಚೆಯ ಗೌಡರದು. ಅವರ ಮೇಲೆ ನನಗಿದ್ದ ಅಸಹ್ಯ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಎಲ್ಲಿಗೋ ಹೋಗಿತ್ತು. ಕಾಫಿ ಕೂಡ ಕುಡಿದು ಬಂದೆ.

ಮಾಲೀಕರು ಡ್ರೈವರನ್ನು ತಿಪಟೂರಿನ ಬಸ್ಸಿಗೆ ಹಾಕಿದರು. ನಮಗೊಬ್ಬ ಹೊಸ ಡ್ರೈವರು ಬಂದ. ಚುರುಕಾಗಿದ್ದ, ಬಸ್ಸಿನಲ್ಲಿ ಸಿನಿಮಾ ಹಾಡು ಹಾಕುತ್ತಿದ್ದ, ಯಾವ ನಾಯಿಗೂ ಮರ್ಯಾದೆ ಕೊಡುತ್ತಿರಲಿಲ್ಲ. ಮೊದಲ ವಾರವೇ ಬಸ್ಸು ಹದಿನೈದು ನಿಮಿಷ ಮುಂಚೆ ಅರಸೀಕೆರೆ ಸೇರಿತು. ಟ್ರೈನಿನವರು ನನ್ನ ಕೈ ಕುಲುಕಿದರು.

ಎರಡನೇ ವಾರದ ಮಂಗಳವಾರ ನಾನು ಎಂದಿನಂತೆ ಹತ್ತಿ ಕೂತೆ. ರೂಬಿ ಎಂದಿನಂತೆ ಹಿಂದೆ ಬಂತು. ಎಂದಿನಂತೆ ಹಿಂದೆಯೇ ಉಳಿಯದೆ, ಅವತ್ತು ಬಸ್ಸು ಏರಿಯ ತಿರುವಿನಲ್ಲಿ ನಿಧಾನ ಮಾಡಿದಾಗ ಪಕ್ಕಕ್ಕೆ ಬಂದಿರಬೇಕು, ಬಾಗಿಲ ಕಡೆಗೆ. ಹಿಂದಿನ ಚಕ್ರ ಸಣ್ಣದಾಗಿ ಎತ್ತಿ ಹಾಕಿತು. ರಸ್ತೆಯ ಹಳ್ಳಗಳಲ್ಲಿ ದಿನವೂ ಅದಕ್ಕಿಂತ ಜೋರಾಗಿ ಎತ್ತಿ ಹಾಕುತ್ತಿತ್ತು. ಒಂದೇ ಒಂದು ಸಲ ಕೂಗಿದ್ದು ಕೇಳಿಸಿತು.

ಡ್ರೈವರು ಬಸ್ಸು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿ, “ಯಾರ್ದ್ರೀ ಅದು ನಾಯಿ?” ಎಂದ.

ಬಸ್ಸಿನಲ್ಲಿದ್ದವರಲ್ಲಿ ನಾಲ್ಕೈದು ಜನಕ್ಕೆ ಅದು ಯಾರದೆಂದು ಗೊತ್ತಿತ್ತು. ಅವರು ನನ್ನ ಕಡೆ ನೋಡಿದರು. ನಾನು ಕಿಟಕಿಯಿಂದಾಚೆ ನೋಡಿದೆ. ಆ ಕಡೆ ಕೆರೆಯಿತ್ತು. ಆ ವರ್ಷ ಕೆರೆ ಬಹಳ ಚೆನ್ನಾಗಿ ತುಂಬಿತ್ತು.

“ಯಾವ್ದೋ ಬೀದಿನಾಯಿ ಇರ್ಬೇಕು. ನಡೀರಿ, ಟ್ರೈನಿಗೆ ಟೈಮಾಯ್ತು” ಎಂದಿತು ಹಿಂದಿನಿಂದ ಒಂದು ದನಿ. ನಾನು ಅಲ್ಲ ಎನ್ನಲಿಲ್ಲ. ಬಸ್ಸು ಹೊರಟಿತು. ಅವತ್ತು ಒಂಬತ್ತನೇ ತರಗತಿಗೆ ದಯೆಯ ಮೇಲಿನ ಪಾಠವಿತ್ತು, ಅದನ್ನೂ ಮಾಡಿದೆ. ಚೆನ್ನಾಗಿಯೇ ಮಾಡಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಹಿತ್ತಿಲ ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ಉಗುರುಗಳಲ್ಲಿ ಮಣ್ಣಿತ್ತು. ಪಕ್ಕದ ಮನೆಯವರ ಗುದ್ದಲಿ ಗೋಡೆಗೆ ಒರಗಿತ್ತು.

“ನೀವು ಅದೇ ಬಸ್ಸಲ್ಲಿದ್ರಲ್ಲ?” ಎಂದಳು.

“ಗೊತ್ತಾಗಲಿಲ್ಲ ಕಣೇ.”

ಅವಳು ಎದ್ದು ಗುದ್ದಲಿ ತೊಳೆದು ಪಕ್ಕದ ಮನೆಗೆ ಕೊಟ್ಟು ಬಂದಳು. ಅದರ ಬಗ್ಗೆ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹೊಸ ಡ್ರೈವರು ನಾಲ್ಕು ತಿಂಗಳಲ್ಲಿ ಮೂರು ನಾಯಿ, ಒಂದು ಎಮ್ಮೆಗರು ಮತ್ತು ಬಸ್ಸಿನ ಎರಡೂ ಹೆಡ್‌ಲೈಟು ಮುಗಿಸಿದ. ಹೆಡ್‌ಲೈಟು ಒಡೆದ ಮೇಲೆ ಮಾಲೀಕರಿಗೆ ಪ್ರಾಣಿದಯೆ ಹುಟ್ಟಿತು. ಹಳೆಯ ಡ್ರೈವರನ್ನು ವಾಪಸು ಕರೆಸಿದರು.

ಅವರು ಬಂದ ಮೊದಲ ದಿನ ನಾನು ಹಿಂದಿನ ಬಾಗಿಲಲ್ಲಿ ಹತ್ತಿದೆ. ಅವರು ಕನ್ನಡಿಯಲ್ಲೇ ಹಿಡಿದರು.

“ಯಾಕ್ ಮೇಷ್ಟ್ರೇ ಅಷ್ಟ್ ದೂರ? ಬನ್ನಿ, ನಿಮ್ ಸೀಟ್ ಖಾಲಿ ಐತೆ.” ಹೋಗಿ ಕೂತೆ. “ಮಾಲೀಕ್ರು ನಿಮ್ ಅರ್ಜಿ ತೋರ್ಸುದ್ರು. ಕನ್ನಡ ಚೆನ್ನಾಗೈತೆ. ಕಾಗುಣಿತ ಒಂದೂ ತಪ್ಪಿಲ್ಲ. ಅಪವ್ಯಯ ಅಂದ್ರೇನು ಅಂತ ಮಾತ್ರ ಮಾಲೀಕ್ರಿಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅವರು ಗೇರು ಬದಲಿಸಿದರು. ಕೆರೆ ಏರಿ ಬಂತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಖಾಲಿಯಿತ್ತು.

“ರೂಬಿ ಕಾಣ್ಲಿಲ್ಲ ಇವತ್ತು. ಹೆಂಗವ್ಳೆ?”

“ಚೆನ್ನಾಗಿದೆ,” ಎಂದೆ. ಹೇಗೆ ಬಂತೋ ಬಾಯಿಗೆ, “ಕಟ್ಟಿ ಹಾಕಿದೀನಿ. ನೀವು ಹೇಳಿದ್ದೇ ಸರಿ.”

ಅವರು ಒಂದು ಕ್ಷಣ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ, “ನೋಡ್ರಪ್ಪಾ, ಮೇಷ್ಟ್ರು ಅಂದ್ರೆ ಹಿಂಗಿರ್ಬೇಕು! ಇಡೀ ರೂಟಲ್ಲಿ ನನ್ ಮಾತು ಕೇಳಿದ್ದು ಒಬ್ರೇ!” ಎಂದರು.

ಅಲ್ಲಿಂದ ಶುರುವಾಯಿತು. ರಸ್ತೆಯಲ್ಲಿ ನಾಯಿ ಬಿಟ್ಟ ಪ್ರತಿ ಮನೆಯ ಮುಂದೆಯೂ ಬಸ್ಸು ನಿಲ್ಲಿಸಿ, ದಿಂಬಿನ ವಿಷಯ ಮುಗಿದ ಮೇಲೆ, ಅವರು ಕೈಯನ್ನು ನನ್ನ ಕಡೆ ತೋರಿಸುವರು. “ಇಲ್ ಕೂತವ್ರಲ್ಲ, ಹಳೇಬೀಡಿನ ಮೇಷ್ಟ್ರು, ಇವ್ರನ್ನ ನೋಡ್ ಕಲೀರಿ. ಒಂದಿನಾನೂ ಅವ್ರ ನಾಯಿ ರೋಡಿಗ್ ಬರಾಕಿಲ್ಲ.” ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಕಿಟಕಿಯಿಂದ ಕೈ ಮುಗಿಯಬೇಕಾಗುತ್ತಿತ್ತು. ನಿಜ ಗೊತ್ತಿದ್ದ ನಾಲ್ಕೈದು ಜನ ಅವತ್ತು ಬಾಯಿ ಮುಚ್ಚಿಕೊಂಡಿದ್ದರಿಂದ ಈಗ ತೆರೆಯುವಂತಿರಲಿಲ್ಲ.

ಸಾಲದ್ದಕ್ಕೆ ವಿಚಾರಣೆ ಬೇರೆ.

“ವಾಕಿಂಗ್ ಕರ್ಕಂಡ್ ಹೋಯ್ತೀರಾ?”

“ಹೂಂ. ಬೆಳಿಗ್ಗೆ.”

“ಹಗ್ಗನೋ, ಚೈನೋ?”

“ಚೈನು.”

“ರೋಡಿನ್ ಕಡೆ ನೀವಿರ್ಬೇಕು, ಬೇಲಿ ಕಡೆ ನಾಯಿ ಇರ್ಬೇಕು. ಉದ್ದ ಬಿಡ್ಬೇಡಿ, ಕೈಗೆರಡು ಸುತ್ತು ಸುತ್ಕಳಿ. ಲಾರಿ ಬಂದ್ರೆ ನಿಂತ್ಕಂಬಿಡಿ.”

“ಹಾಗೇ ಮಾಡ್ತೀನಿ.”

“ದೀಪಾವಳಿ ಬತ್ತಾ ಐತೆ. ಪಟಾಕಿಗೆ ಹೆದರಿ ಕಿತ್ಕಂಡ್ ಹೋಯ್ತವೆ. ಆವತ್ತು ಒಳೀಕ್ ಹಾಕಿ ಚಿಲಕ ಹಾಕಿ.”

“ಹಾಕ್ತೀನಿ.”

ಬದುಕಿದ್ದಾಗ ಒಂದು ಗೇಟು ಕೂಡ ಮಾಡಿಸದ ನಾನು, ಸತ್ತ ರೂಬಿಯನ್ನು ಆರು ವರ್ಷ ಬಹಳ ಜವಾಬ್ದಾರಿಯಿಂದ ನೋಡಿಕೊಂಡೆ. ಪ್ರತಿ ದೀಪಾವಳಿಗೂ ಒಳಗೆ ಹಾಕಿ ಚಿಲಕ ಹಾಕಿದೆ.

ಆಶ್ಚರ್ಯವೆಂದರೆ ಜನ ನಿಧಾನವಾಗಿ ನಾಯಿ ಕಟ್ಟತೊಡಗಿದರು. ಡ್ರೈವರು ಹೇಳಿದರೆ ಆಗದ್ದು ಮೇಷ್ಟ್ರು ಮಾಡಿದ್ದಾರೆ ಎಂದರೆ ಆಗುತ್ತಿತ್ತು. ಜಾವಗಲ್ ಸಂತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ, “ನಿಮ್ ನಾಯಿ ಚೈನು ಎಲ್ಲಿ ತಂದ್ರಿ ಸಾ?” ಎಂದು ಕೇಳಿದಳು. ಅರಸೀಕೆರೆಯ ಒಂದು ಅಂಗಡಿಯ ಗುರುತು ಹೇಳಿದೆ. ಅಲ್ಲಿ ಚೈನು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಆರನೇ ವರ್ಷ ಡ್ರೈವರು ತಾವಾಗಿಯೇ ಕೆಲಸ ಬಿಟ್ಟರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. “ನಾಯಿ ಕಾಣ್ತೈತೆ ಮೇಷ್ಟ್ರೇ, ಕಟ್ಟವ್ರೋ ಬಿಟ್ಟವ್ರೋ ಕಾಣ್ತಿಲ್ಲ. ಇನ್ ಸ್ಟೇರಿಂಗ್ ಹಿಡಿಯೋದು ತಪ್ಪಾಯ್ತೈತೆ” ಎಂದರು.

ದಿನಾ ಓಡಾಡುವವರೆಲ್ಲ ಸೇರಿ ಒಂದು ಭಾನುವಾರ ಮಧ್ಯಾಹ್ನ ಜಾವಗಲ್ ಬಸ್ ಸ್ಟ್ಯಾಂಡಿನ ಬಳಿ ಸಣ್ಣ ಶಾಮಿಯಾನ ಹಾಕಿ ಅವರಿಗೆ ಸನ್ಮಾನ ಇಟ್ಟುಕೊಂಡರು. ಅಧ್ಯಕ್ಷತೆ ತೆಂಗಿನ ತೋಟದ ಗೌಡರದು. ಅವರ ಬದಲು ಬೇರೆಯವರನ್ನು ಕೂರಿಸುವ ಧೈರ್ಯ ಆ ಕಡೆ ಯಾರಿಗೂ ಇರಲಿಲ್ಲ. ಅಭಿನಂದನಾ ಭಾಷಣ ನನ್ನದು. ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ.

ಎದ್ದು ನಿಂತು ನೋಡಿದರೆ ಅವರು ಹಾರ ಹಾಕಿಕೊಂಡು, ಬರಿಗಾಲಲ್ಲಿ, ಮಡಿಸುವ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಕಣ್ಣು ಮೈಕಿನ ಕಡೆಗೆ ತಿರುಗಿದೆ, ನನ್ನ ಮುಖದ ಮೇಲಿಲ್ಲ. ಕಾಗದದ ಮೊದಲ ಸಾಲಿನಲ್ಲೇ ‘ಶ್ವಾನಸಂಕುಲದ ಬಂಧು’ ಎಂದಿತ್ತು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, ರೂಬಿ ಸತ್ತು ಆರು ವರ್ಷವಾಯಿತು ಎಂದೆ. ನನ್ನನ್ನು ಹೊತ್ತ ಬಸ್ಸಿಗೇ ಸಿಕ್ಕಿ ಸತ್ತಿತು, ನಾಯಿ ಯಾರದೆಂದು ಕೇಳಿದಾಗ ನಾನು ಕೆರೆ ನೋಡುತ್ತಿದ್ದೆ ಎಂದೆ. ಇವರನ್ನು ಈ ರೂಟಿನಿಂದ ತೆಗೆಸಿದ್ದೂ ನಾನೇ ಎಂದೆ.

ಗೌಡರು ಮೈಕಿಗೆ ಕೇಳುವಂತೆ ನಕ್ಕರು. “ಅಲ್ಲಾ ಮೇಷ್ಟ್ರೇ, ನೀವೂ ನಮ್ ಹಂಗೇನಾ!” ಇಡೀ ಶಾಮಿಯಾನ ನಕ್ಕಿತು. ಅಷ್ಟು ನೆಮ್ಮದಿಯ ನಗುವನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ಆರು ವರ್ಷ ನನ್ನನ್ನು ನೋಡಿ ಕಲಿಯಬೇಕಾಗಿ ಬಂದಿದ್ದ ಜನ ಅವರು.

ಡ್ರೈವರ ಸರದಿ ಬಂತು. ಮೈಕನ್ನು ದೂರ ತಳ್ಳಿ ಅವರು ಹೇಳಿದ್ದು ಇಷ್ಟು: “ಮೇಷ್ಟ್ರು ಭಾಷಣ ಮಾಡಿ ಹಗುರಾದ್ರು. ನಾಳೆಯಿಂದ ನೀವೆಲ್ಲಾ ನಾಯಿ ಬಿಚ್ಬೇಡಿ. ಹೊಸಾ ಡ್ರೈವರ್ ಹುಡುಗನ ಮನೇಲಿ ಎರಡು ಸಣ್ ಮಕ್ಳವ್ರೆ, ಅವನನ್ನ ಚರಂಡಿಗ್ ತಳ್ಬೇಡಿ.” ಆಗ ಯಾರೂ ನಗಲಿಲ್ಲ. ಗೌಡರು ಸನ್ಮಾನದ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಸರಿಪಡಿಸುತ್ತ ಕೂತರು.

ಊಟಕ್ಕೆ ಏಳುವಾಗ ನಾನು ಅವರ ತೋಳು ಹಿಡಿದು ನಡೆಸಿಕೊಂಡು ಹೋದೆ. ಕ್ಷಮಿಸಿ ಎಂದೆ. ಅವರು ನಿಂತರು.

“ನನಗ್ ಗೊತ್ತಿತ್ತಲ್ಲ ಮೇಷ್ಟ್ರೇ.”

“ಯಾವಾಗ?”

“ಅವತ್ತೇ. ನಿಮ್ ಬಸ್ಸು ಅರಸೀಕೆರೆ ಸ್ಟ್ಯಾಂಡಿಗ್ ಬಂದಾಗ ನಾನೂ ತಿಪಟೂರ್ ಗಾಡಿ ಹಾಕ್ಕಂಡ್ ಪಕ್ಕದಾಗೇ ನಿಂತಿದ್ದೆ. ಹಿಂದಿನ್ ಟೈರಲ್ಲಿ ಬಿಳೀ ಕೂದ್ಲಿತ್ತು. ಈ ರೂಟಲ್ಲಿ ಬಿಳೀ ನಾಯಿ ಇದ್ದಿದ್ ಒಂದೇ. ನೀವ್ ಇಳುದ್ರಿ. ಟೈರ್ ಕಡೆ ನೋಡ್ದಂಗೇ ಹೋದ್ರಿ.”

“ಮತ್ತೆ ಆಮೇಲೆ ನನ್ನ ಕೇಳಿದ್ರಲ್ಲ, ರೂಬಿ ಹೇಗಿದೆ ಅಂತ?”

“ಏನಂತೀರಾ ನೋಡಾಣ ಅಂತ ಕೇಳ್ದೆ. ನಿಜ ಹೇಳಿದ್ದಿದ್ರೆ ಒಂದಿನ ಬೈದು ಸುಮ್ನಾಗ್ತಿದ್ದೆ. ಸುಳ್ ಹೇಳುದ್ರಿ. ಅದ್ಕೇ ಆರ್ ವರ್ಷ ಹೊಗಳ್ದೆ.”

ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಚೆನ್ನಾಗಿ ಊಟ ಮಾಡಿದರು. ಪಾಯಸ ಬಂದಾಗ ತಲೆ ನನ್ನ ಕಡೆ ವಾಲಿಸಿ, “ಈಗ ಬೇಕಾದ್ರೆ ಒಂದು ನಾಯಿ ತಂದ್ಕಳಿ” ಎಂದರು. ಅವರು ನನಗೆ ಹೇಳಿದ ಮಾತುಗಳಲ್ಲಿ ಕೊಂಕಿಲ್ಲದ್ದು ಅದೊಂದೇ ಇರಬೇಕು.

ಮಾರನೇ ವಾರವೇ ಕಬ್ಬಿಣದ ಗೇಟು ಮಾಡಿಸಿದೆ. ಹೆಂಡತಿ ಅದರ ಕೆಳಗಿನ ಸಂದಿಗೆ ಕೈ ಹಾಕಿ ನೋಡಿ, ಇನ್ನೊಂದು ಪಟ್ಟಿ ಬೆಸೆಸಿದಳು. ಆಮೇಲೆ ಅವಳೇ ಶಾಲೆಯ ಹಿಂದಿನಿಂದ ಒಂದು ನಾಡುನಾಯಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕಂದು ಬಣ್ಣ, ಒಂದು ಕಿವಿ ಮಡಚಿತ್ತು. ಅದನ್ನು ದಿನಾ ಬೆಳಿಗ್ಗೆ ಚೈನು ಕೈಗೆರಡು ಸುತ್ತು ಸುತ್ತಿಕೊಂಡು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆ. ನಾಡುನಾಯಿಗೆ ಚೈನು ಹಾಕಿ ಮೆರವಣಿಗೆ ಮಾಡುತ್ತಾರೆ ಎಂದು ಹಳೇಬೀಡಿನವರು ನಕ್ಕರು. ನಗಲಿ. ಹನ್ನೆರಡು ವರ್ಷ ನಕ್ಕರು.

ಆ ನಾಯಿ ಹೋದ ಮೇಲೆ ಒಂದು ದಿನ ನಾನು ಬಾಣಾವರದ ಹತ್ತಿರದ ಹಳ್ಳಿಯಲ್ಲಿದ್ದ ಡ್ರೈವರ ಮನೆಗೆ ಹೋದೆ. ಅವರಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಜಗುಲಿಯಲ್ಲಿ ಕೂತಿದ್ದವರು ನನ್ನ ದನಿಗೇ ಗುರುತು ಹಿಡಿದು ಕೂರಿಸಿದರು. ಸೊಸೆ ಕಾಫಿ ತಂದಳು. ನಾಯಿ ಸತ್ತಿತು ಎಂದೆ.

ಅವರ ಮುಖ ಬಿಗಿಯಿತು. “ಯಾವ್ ಗಾಡಿ?”

“ಯಾವ ಗಾಡೀನೂ ಅಲ್ಲ. ವಯಸ್ಸಾಗಿತ್ತು.”

“ಅಂದ್ರೆ?”

“ಅಂದ್ರೆ ಮುದಿಯಾಗಿತ್ತು. ಎರಡು ದಿನ ಊಟ ಬಿಡ್ತು. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಮಲಗಿದ್ದಲ್ಲೇ ಹೋಗಿತ್ತು.”

ಅವರು ಬರಿಗಾಲನ್ನು ನೆಲದ ಮೇಲೆ ಒತ್ತುತ್ತಿದ್ದರು.

“ನಲವತ್ ವರ್ಷ ರೋಡಲ್ಲಿದ್ದೆ,” ಎಂದರು. “ವಯಸ್ಸಾಗಿ ಸತ್ತಿರೋ ನಾಯೀನ ನಾನ್ ನೋಡೇ ಇಲ್ಲ ಕಣ್ರೀ.” ಆಮೇಲೆ ನನ್ನ ಮೊಣಕಾಲನ್ನು ತಡಕಿ ಹಿಡಿದುಕೊಂಡರು. “ಇನ್ನೊಂದ್ ಸಲ ಹೇಳಿ ಮೇಷ್ಟ್ರೇ. ಎಲ್ ಮಲಗಿತ್ತು?”

ಅಡುಗೆಮನೆಯ ಬಾಗಿಲಲ್ಲಿ, ನನ್ನ ಹೆಂಡತಿಯ ಹಳೇ ಸೀರೆಯ ಮೇಲೆ, ತಲೆಯನ್ನು ಹೊಸ್ತಿಲ ಮೇಲಿಟ್ಟುಕೊಂಡು ಎಂದು ನಾನು ಮೊದಲಿನಿಂದ ಹೇಳತೊಡಗಿದೆ.